ಹಿತ್ತಲ ಮಾವಿಗೆ ಕಸಿ ಕಟ್ಟುವ ಕ್ರಮ

ಮಂಗಳೂರಿನ ಕುದ್ರೋಳಿಯಂಥ ಪೇಟೆಯ ಕೇರಿಗಳಲ್ಲಿ ಹಳೆಯ ಹಿತ್ತಲುಗಳು ಕಡಿಮೆಯಾಗುತ್ತಾ ಬರುತ್ತವೆ. ಸ್ಥಳವನ್ನು ಪಾಲುಮಾಡಿ ಹೊಸ ಮನೆ ಕಟ್ಟುವಾಗ ಅಜ್ಜನು ನೆಟ್ಟ ಮಾವಿನ ಮರಕ್ಕೆ ಕೊಡಲಿ ಬೀಳುತ್ತದೆ. ಹಳ್ಳಿಗಳಲ್ಲಿಯೂ ಮಾರ್ಗ ಅಗಲಮಾಡುವಾಗ ಇದೇ ನಡೆಯುತ್ತದೆ. ಆಗ ಮನೆಯವರು, “ಚಿಂತೆಯಿಲ್ಲ, ಅದರ ಗೊರಟನ್ನು ಊರಿದ್ದೇವೆ” ಎಂದು ಸಮಾಧಾನಪಡುತ್ತಾರೆ. ಈ ಭರವಸವು ಅನೇಕ ಸಾರಿ ಸುಳ್ಳಾಗುತ್ತದೆ.

ಅದು ಹೇಗಂದರೆ, ಮಾವಿನ ಗೊರಟುಗಳಲ್ಲಿ ಎರಡು ವಿಧ ಉಂಟು. ನಮ್ಮ ಕರಾವಳಿಯ ಓಲೂರು, ಬಪ್ಪಕಾಯಿ ಮೊದಲಾದ ಕೆಲವು ಜಾತಿಗಳ ಒಂದೇ ಗೊರಟಿನಿಂದ ಹಲವು ಮೊಳಕೆಗಳು ಏಳುತ್ತವೆ; ಅವುಗಳಲ್ಲಿ ಹೆಚ್ಚಿನವು ತಾಯಿಮರದ ಅಂಶದಿಂದಲೇ ಹುಟ್ಟಿ ಅದರಂಥ ಫಲವನ್ನೇ ಕೊಡುತ್ತವೆ. ಆದರೆ ಆಪೂಸು, ನೀಲಂ ಮುಂತಾದವುಗಳ ಗೊರಟಿನಲ್ಲಿ ಮೊಳಕೆ ಒಂದೇ. ನೊಣಗಳು ಬೇರೆ ಮರದಿಂದ ತಂದ ಪರಾಗವು ಅದರಲ್ಲಿ ಸೇರಿರುವದರಿಂದ ಸಿಹಿಮರದ ಗೊರಟಿನಿಂದ ಹುಳಿಮರ ಹುಟ್ಟುವದುಂಟು. ಅದನ್ನು ತಿಳಿಯುವದಕ್ಕೂ ಏಳೆಂಟು ವರುಷ ಕಾಯಬೇಕು. ಆದಕಾರಣ ಮರದ ಗುಣವನ್ನು ತಪ್ಪದೆ ಉಳಿಸಬೇಕಾದರೆ ಅದರ ಕಡ್ಡಿಯನ್ನೇ ಇನ್ನೊಂದು ಬೇರಿನ ಮೇಲೆ ಬದುಕಿಸಬೇಕು. ೧೫೧೦ರಲ್ಲಿ ಗೋವೆಯನ್ನು ಹಿಡಿದ ಅಲ್ಬುಕೆರ್ಕನ ಹೆಸರನ್ನು ಹೊತ್ತ ಆಪೂಸು ಇಂದು ಧಾರವಾಡದಲ್ಲಿಯೂ ರತ್ನಾಗಿರಿಯಲ್ಲಿಯೂ ಒಂದೇ ಜಾತಿಯಾಗಿ ಉಳಿದಿರುವದು ಕಸಿಯಿಂದಲೇ. ಸಾಗರ ಮತ್ತು ಶಿರಸಿ ಸೀಮೆಯ ಕೃಷಿಕರು ಹೊಳೆದಡದ ಅಪ್ಪೆಮಿಡಿ ಮರಗಳನ್ನು ತಮ್ಮ ತೋಟಗಳಿಗೆ ತಂದದ್ದೂ ಹೀಗೆಯೇ.

ನಮ್ಮ ಮಳೆಸೀಮೆಗೆ ಗೊರಟು ಕಸಿಯು ಬಹಳ ಅನುಕೂಲ. ಜೂನ್ ತಿಂಗಳಿಂದ ಆಗಸ್ಟ್ ವರೆಗೆ ಗಾಳಿಯಲ್ಲಿ ತೇವ ಇರುವಾಗ ಇದನ್ನು ಮಾಡತಕ್ಕದ್ದು.

ಮೊದಲನೆಯದಾಗಿ, ಕಾಟುಮಾವಿನ ಹೊಸ ಗೊರಟುಗಳನ್ನು ತೊಳೆದು, ಮರಳೂ ಗೊಬ್ಬರವೂ ಬೆರಸಿದ ಮಡಿಯಲ್ಲಿ ಊರಬೇಕು. ತಡಮಾಡಬಾರದು, ಯಾಕಂದರೆ ಮಾವಿನ ಗೊರಟು ಒಣಗಿದರೆ ಕೆಲವು ವಾರಗಳಲ್ಲಿಯೇ ಸಾಯುತ್ತದೆ. ಮೊಳಕೆ ಬಂದು ಎಂಟು ಹತ್ತು ದಿವಸಗಳಾಗಿ, ಎಲೆಗಳು ಇನ್ನೂ ತಾಮ್ರವರ್ಣದಲ್ಲಿರುವಾಗಲೇ ಕಸಿಗೆ ತಕ್ಕ ಸಮಯ.

ಎರಡನೆಯದಾಗಿ, ಉಳಿಸಬೇಕಾದ ಮರದಲ್ಲಿ ಮೂರು ನಾಲ್ಕು ತಿಂಗಳು ಬಲಿತ ಚಿಗುರುಗೆಲ್ಲನ್ನು ಆರಿಸಿರಿ. ಅದು ಸಸಿಯ ದಂಟಿನಷ್ಟೇ ದಪ್ಪವಾಗಿರಲಿ. ಕೊಯ್ಯುವದಕ್ಕೆ ಒಂದು ವಾರ ಮುಂಚೆ ತೊಟ್ಟುಗಳನ್ನು ಮಾತ್ರ ಬಿಟ್ಟು ಎಲೆಗಳನ್ನು ತೆಗೆದರೆ ತುದಿಯ ಮೊಗ್ಗು ಉಬ್ಬುವದು. ಮರವನ್ನು ನಾಳೆಯೇ ಕಡಿಯುವದಾದರೆ, ಮೊಗ್ಗು ಉಬ್ಬಿದ ಕಡ್ಡಿಗಳನ್ನು ಹುಡುಕಿ ಕೊಯ್ದು, ಎಲೆ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅದೇ ದಿನ ಕಟ್ಟಿಬಿಡಿರಿ.

ಮೂರನೆಯದಾಗಿ, ಸಸಿಯನ್ನು ಗೊರಟು ಸಹಿತ ಎತ್ತಿ, ಗೊರಟಿನಿಂದ ಎರಡು ಅಂಗುಲ ಮೇಲೆ ದಂಟನ್ನು ಕತ್ತರಿಸಿ, ನಡುವೆ ಒಂದೂವರೆ ಅಂಗುಲ ಸೀಳಬೇಕು. ನಾಲ್ಕೈದು ಅಂಗುಲ ಉದ್ದದ ಕಡ್ಡಿಯ ಬುಡವನ್ನು ಎರಡು ಬದಿಯಲ್ಲಿಯೂ ಅಷ್ಟೇ ಉದ್ದಕ್ಕೆ ಓರೆಯಾಗಿ ಕೆತ್ತಿ, ಬೆಣೆಯಂತೆ ಸೀಳಿನೊಳಗೆ ಇಳಿಸಬೇಕು. ಸಿಪ್ಪೆಗೆ ಸಿಪ್ಪೆ ಕೂಡಬೇಕೆಂಬದೇ ಈ ಕೆಲಸದ ಜೀವ. ಅದರ ಅಡಿಯ ಹಸಿಯಾದ ಪದರಗಳು ಒಂದಕ್ಕೊಂದು ತಾಗದಿದ್ದರೆ ಕಡ್ಡಿಯು ಒಣಗುವದು. ಚೂರಿಯು ಹರಿತವೂ ಶುಚಿಯೂ ಆಗಿರಲಿ. ಬಳಿಕ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಕಟ್ಟಿರಿ.

ನಾಲ್ಕನೆಯದಾಗಿ, ಸಸಿಯನ್ನು ಕುಂಡದಲ್ಲಿ ನೆಟ್ಟು ನೆರಳಿನಲ್ಲಿಡಿರಿ. ನೀರು ಬಸಿಯುವಂತೆ ಅಡಿಯಲ್ಲಿ ಹೆಂಚಿನ ಚೂರುಗಳನ್ನು ಹಾಕಬೇಕು. ಹಿಂದೆ ಬಾಸೆಲ್ ಮಿಶನಿನ ಹೆಂಚಿನ ಕಾರ್ಖಾನೆ ಇದ್ದ ಕುದ್ರೋಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಕಡ್ಡಿಯ ಮೇಲೆ ಸಣ್ಣ ಪ್ಲಾಸ್ಟಿಕ್ ಚೀಲವನ್ನು ಟೊಪ್ಪಿಯಂತೆ ಕವಚಿ, ಚಿಗುರು ಕಂಡ ಕೂಡಲೆ ತೆಗೆಯಬೇಕು. ಚಿಗುರುವದಕ್ಕೆ ಮೂರು ನಾಲ್ಕು ವಾರಗಳಾಗಬಹುದು. ಎಲ್ಲವೂ ಬದುಕುವದಿಲ್ಲ, ಆದಕಾರಣ ಒಂದು ಗಿಡ ಬೇಕಾದವನು ಹತ್ತು ಕಟ್ಟಲಿ.

ಮುಂದಿನ ಮಳೆಗಾಲದಲ್ಲಿ ಮೂರು ಅಡಿಯ ಗುಂಡಿ ತೋಡಿ ನೆಡಬಹುದು. ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರಲಿ. ಗಂಟಿನ ಕೆಳಗೆ ಬರುವ ಚಿಗುರುಗಳನ್ನು ತಪ್ಪದೆ ಕಿತ್ತುಹಾಕಬೇಕು. ಇಲ್ಲವಾದರೆ ಕಾಟುಮಾವು ಬೆಳೆದು ಒಳ್ಳೆಯದನ್ನು ಅಡಗಿಸುವದು. ಮೊದಲ ಮೂರು ವರುಷ ಹೂವನ್ನು ತೆಗೆದುಬಿಟ್ಟರೆ ಗಿಡವು ಬಲಗೊಂಡು, ನಾಲ್ಕೈದನೆಯ ವರುಷದಿಂದ ಫಲ ಕೊಡುವದು.

ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ೧೧ನೆಯ ಅಧ್ಯಾಯದಲ್ಲಿ, ಕಾಡುಮರದ ಕೊಂಬೆಯನ್ನು ಊರಿನ ಎಣ್ಣೆಮರಕ್ಕೆ ಕಸಿಕಟ್ಟಿದ ಸಂಗತಿಯನ್ನು ಹೇಳಿ, ಅದು ಸ್ವಭಾವಕ್ಕೆ ವಿರುದ್ಧವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ತೋಟಗಾರನು ಮಾಡುವದು ಅದಕ್ಕೆ ಪ್ರತಿಯಾಗಿ, ಕಾಡುಬೇರಿಗೆ ಒಳ್ಳೆಯ ಕಡ್ಡಿ. ಚೂರಿ ಹಿಡಿದು ಕಟ್ಟಿ ನೋಡಿದವನಿಗೆ ಆ ವಾಕ್ಯದ ಆಶ್ಚರ್ಯವು ಹೆಚ್ಚು ಚೆನ್ನಾಗಿ ತಿಳಿದೀತು.

ನಿಮ್ಮ ಹಿತ್ತಲಲ್ಲಾಗಲಿ ನೆರೆಯವರ ಹಿತ್ತಲಲ್ಲಾಗಲಿ ಮುದಿಯಾದ ಒಳ್ಳೆಯ ಮರವಿದ್ದರೆ ಈ ಮಳೆಗಾಲವನ್ನು ದಾಟಿಸಬೇಡಿರಿ. ಕಟ್ಟಿದ ಹತ್ತರಲ್ಲಿ ಒಂದನ್ನು ನೀವು ಇಟ್ಟುಕೊಂಡು, ಬದುಕಿದ ಮಿಕ್ಕವುಗಳನ್ನು ನೆರೆಯವರಿಗೆ ಕೊಡಿರಿ. ಒಂದು ಹಿತ್ತಲಲ್ಲಿ ಮರ ಬಿದ್ದರೂ ಇನ್ನೊಂದರಲ್ಲಿ ಅದು ನಿಂತಿರುವದು.