ಶೇ. 40 ರಿಯಾಯಿತಿಯ ಮೀನು ಎಷ್ಟಕ್ಕೆ ಬಿತ್ತು?

ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಶೇ. 40 ಕಡಿಮೆ ಬೆಲೆಗೆ ತಂದ ಸಾಮಾನಿನಲ್ಲಿ ಶೇ. 40ರಷ್ಟು ತಿನ್ನದೆ ಉಳಿದರೆ ಪೂರ್ತಿ ಎಂಆರ್‌ಪಿ ಕೊಟ್ಟು ತಂದ ಹಾಗೆಯೇ. ಅದಕ್ಕಿಂತ ಹೆಚ್ಚು ಉಳಿದರೆ ಎಂಆರ್‌ಪಿಗಿಂತಲೂ ಜಾಸ್ತಿ ಕೊಟ್ಟಂತೆ. ಇದಕ್ಕೆ ದೊಡ್ಡ ಗಣಿತವೇನೂ ಬೇಕಿಲ್ಲ. ಆದರೆ ಬಿಲ್ಲಿನ ಕೊನೆಯಲ್ಲಿ ದಪ್ಪಕ್ಷರದಲ್ಲಿ ‘ನೀವು ಉಳಿಸಿದ್ದು ₹5,376’ ಎಂದು ಅಚ್ಚಾಗಿ ಕೈಗೆ ಬಂದಾಗ ಈ ಮಾತು ಯಾರ ತಲೆಗೂ ಹೋಗುವುದಿಲ್ಲ.

ನಾವಿರುವುದು ಮೌದಾದಲ್ಲಿ. ನಾಗಪುರದಿಂದ ಭಂಡಾರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕನ್ಹಾನ್ ನದಿಯ ದಡದಲ್ಲಿರುವ ತಾಲ್ಲೂಕು ಊರು. ಎನ್‌ಟಿಪಿಸಿಯ 2,320 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಇಲ್ಲಿರುವುದರಿಂದ ದೇಶದ ಎಲ್ಲ ಮೂಲೆಯವರೂ ಇಲ್ಲಿ ಸಿಗುತ್ತಾರೆ. ನಮ್ಮ ಯಜಮಾನರಿಗೆ ಶಿಫ್ಟ್ ಡ್ಯೂಟಿ. ನಾನು ಕುಂದಾಪುರದ ಕಡೆಯವಳು, ಸಮುದ್ರದ ಮೀನಿಲ್ಲದೆ ಊಟ ಇಳಿಯದ ಮನೆಯಲ್ಲಿ ಬೆಳೆದವಳು. ಇಲ್ಲಿಂದ ಸಮುದ್ರ ಯಾವ ದಿಕ್ಕಿಗೆ ಹೋದರೂ ದೂರ. ಹೀಗಾಗಿ 2025ರ ಬೇಸಿಗೆಯಲ್ಲಿ ನಾಗಪುರದ ಸೂಪರ್ ಮಾರ್ಕೆಟ್ ಒಂದರಲ್ಲಿ ಟ್ಯೂನಾ ಡಬ್ಬಿಗಳ ಮೇಲೆ ಶೇ. 40 ಆಫರ್ ಕಂಡಾಗ ನಮ್ಮ ಗಾಡಿ ಅಲ್ಲೇ ನಿಂತಿತು.

ಎಂಆರ್‌ಪಿ ₹280, ಆಫರ್ ಬೆಲೆ ₹168. 24 ಡಬ್ಬಿಯ ಒಂದು ಕಾರ್ಟನ್‌ಗೆ ₹4,032. ಒಂದೇ ಕಾರ್ಟನ್ ಸಾಕು ಎಂದೇ ಹೊರಟಿದ್ದೆವು. ಬಿಲ್ ಕೌಂಟರಿನಲ್ಲಿ ಕಾರ್ಡಿನ ಆಫರ್ ಒಂದು ಹೇಳಿದರು: ₹8,000 ದಾಟಿದರೆ ‘ನೋ ಕಾಸ್ಟ್’ ಇಎಂಐ. ಎರಡನೆಯ ಕಾರ್ಟನ್ ಸೇರಿತು, ಬಿಲ್ಲು ₹8,064 ಆಯಿತು. ಯೂಸ್ ಬೈ ದಿನಾಂಕಕ್ಕೆ ಹನ್ನೊಂದು ತಿಂಗಳಿತ್ತು. ಅಷ್ಟು ದೊಡ್ಡ ರಿಯಾಯಿತಿ ಯಾಕೆ ಎನ್ನುವುದಕ್ಕೆ ಆ ದಿನಾಂಕದಲ್ಲೇ ಉತ್ತರವಿತ್ತು. ಮೀನಿನ ಡಬ್ಬಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷದ ಆಯಸ್ಸಿರುತ್ತದೆ. ಅದರಲ್ಲಿ ಬಹುಪಾಲು ಗೋದಾಮಿನಲ್ಲೇ ಕಳೆದಿತ್ತು.

ಈಗ ಡಬ್ಬಿ ತೆರೆಯೋಣ. ಉಂಗುರ ಎಳೆದರೆ ಮುಚ್ಚಳ ಬರುತ್ತದೆ, ಮೇಲೆ ತೆಳು ನೀರು. ಲೇಬಲ್ಲಿನಲ್ಲಿ ನಿವ್ವಳ ತೂಕ 185 ಗ್ರಾಂ ಎಂದಿದೆ. ಅದರ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಡ್ರೈನ್ಡ್ ವೇಟ್ 130 ಗ್ರಾಂ. ಚೆಲ್ಲುವ ದ್ರವದಲ್ಲಿ ತುಂಬಿದ ಆಹಾರಕ್ಕೆ ಈ ಎರಡನೆಯ ತೂಕ ಬರೆಯಲೇಬೇಕು ಎಂದು ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. ನಾನು ಜಾಲರಿ ಸೌಟಿನಲ್ಲಿ ಸೋಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ. ತೂಕ ಸರಿಯಾಗಿಯೇ ಇತ್ತು, ಮೋಸವಿಲ್ಲ. ಆದರೆ ನಾವು ತಿನ್ನುವುದು 130 ಗ್ರಾಂ. ₹168ಕ್ಕೆ 130 ಗ್ರಾಂ ಎಂದರೆ ಕಿಲೋಗೆ ₹1,292. ರಿಯಾಯಿತಿ ಕಳೆದ ಮೇಲಿನ ಬೆಲೆ ಇದು.

ಪ್ರೋಟೀನ್ ದೃಷ್ಟಿಯಿಂದ ನೋಡಿ ಎನ್ನುವವರಿದ್ದಾರೆ, ಅದನ್ನೂ ನೋಡೋಣ. ಸೋಸಿದ ಟ್ಯೂನಾದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಡಬ್ಬಿಗೆ ಮೂವತ್ತೆರಡೂವರೆ ಗ್ರಾಂ ಆಯಿತು, ಹತ್ತು ಗ್ರಾಂ ಪ್ರೋಟೀನ್ ₹52ಕ್ಕೆ ಬಿತ್ತು. ಒಂದು ಮೊಟ್ಟೆ ₹7 ಎಂದಿಟ್ಟುಕೊಳ್ಳಿ, ಅದರಲ್ಲಿ ಆರು ಗ್ರಾಂ. ಹತ್ತು ಗ್ರಾಂಗೆ ₹12 ದಾಟುವುದಿಲ್ಲ. ತೊಗರಿಬೇಳೆ ಕಿಲೋಗೆ ₹120 ಇದ್ದರೆ ಹತ್ತು ಗ್ರಾಂಗೆ ಐದೂವರೆ ರೂಪಾಯಿ. ಇಲ್ಲಿಯ ಬಜಾರಿನ ರೋಹು ಕಿಲೋಗೆ ₹200 ಎಂದು ಹಿಡಿದು, ತಲೆ, ಮುಳ್ಳು, ಹೊಟ್ಟೆ ಕಳೆದು ಶೇ. 60 ಉಳಿದರೂ ಹತ್ತು ಗ್ರಾಂಗೆ ₹20ರ ಆಸುಪಾಸು. ಟ್ಯೂನಾ ಕೆಟ್ಟದ್ದಲ್ಲ. ರಾತ್ರಿ ಹತ್ತೂವರೆಗೆ ಡ್ಯೂಟಿ ಮುಗಿಸಿ ಬಂದವರಿಗೆ ಐದು ನಿಮಿಷದಲ್ಲಿ ಈರುಳ್ಳಿ, ಕಾಯಿತುರಿ ಹಾಕಿ ಪಲ್ಯ ಮಾಡಿಕೊಡಬಹುದು. ಆ ಅನುಕೂಲಕ್ಕೆ ಬೆಲೆ ಇದೆ, ಕೊಡೋಣ. ಆದರೆ ಅನುಕೂಲ ಯಾವಾಗಲೋ ಒಮ್ಮೊಮ್ಮೆ ಬೇಕಾಗುವ ವಸ್ತು. 48 ಡಬ್ಬಿ ಹನ್ನೊಂದು ತಿಂಗಳಲ್ಲಿ ಮುಗಿಯಬೇಕಾದರೆ ವಾರಕ್ಕೊಂದನ್ನು ಬಿಡದೆ ತಿನ್ನಬೇಕು. ನಾಲಿಗೆ ಅದಕ್ಕೆ ಒಪ್ಪಬೇಕಲ್ಲ!

ಊರಿನಿಂದ ಬಂದಿದ್ದ ಅತ್ತೆಯವರು ಬಾಯಿಗಿಟ್ಟು, “ಇದೆಂತ ಮೀನ್ ಮಾರಾಯ್ತಿ, ಹುಳಿ ಖಾರ ಹಿಡೂದೇ ಇಲ್ಲ” ಎಂದರು. ಅವರ ಮಾತು ನಿಜ. ಮೊದಲೇ ಬೆಂದು ಬಂದ ಮೀನಿಗೆ ಬ್ಯಾಡಗಿ ಮೆಣಸು, ಹುಣಸೆಹುಳಿಯ ಮಸಾಲೆ ಹೊರಗೆ ಅಂಟುತ್ತದೆಯೇ ವಿನಾ ಒಳಗೆ ಇಳಿಯುವುದಿಲ್ಲ. ಶುರುವಿನ ಉತ್ಸಾಹ ಮಳೆಗಾಲದ ಹೊತ್ತಿಗೆ ಇಳಿಯಿತು.

ಇನ್ನು ವಿದರ್ಭದ ಬಿಸಿಲು. 2013ರ ಮೇನಲ್ಲಿ ನಾಗಪುರದಲ್ಲಿ 47.9 ಡಿಗ್ರಿ ದಾಖಲಾಗಿತ್ತು. 44, 45 ಇಲ್ಲಿ ಪ್ರತಿ ವರ್ಷದ ಮಾತು. ಡಬ್ಬಿ ಆಹಾರವನ್ನು 30 ಡಿಗ್ರಿಯೊಳಗೆ, ತಂಪಾದ ಒಣ ಜಾಗದಲ್ಲಿ ಇಡಬೇಕು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆಯ ಸಲಹೆ. ಅಡುಗೆಮನೆಯಲ್ಲಿ ಜಾಗವಿಲ್ಲದೆ ಕಾರ್ಟನ್‌ಗಳು ಛಾವಣಿಗೆ ಒತ್ತಿಕೊಂಡಿರುವ ಅಟ್ಟದ ಮೇಲೆ ಹೋಗಿದ್ದವು. ಕೂಲರಿನ ಗಾಳಿ ಅಲ್ಲಿಗೆ ಮುಟ್ಟುವುದೇ ಇಲ್ಲ. ನಾಲ್ಕು ಡಬ್ಬಿಗಳ ಮುಚ್ಚಳ ಉಬ್ಬಿತು. ಉಬ್ಬಿದ ಡಬ್ಬಿಯನ್ನು ರುಚಿ ನೋಡಲೂ ತೆರೆಯಬಾರದು, ಬೊಟುಲಿಸಂ ಪ್ರಾಣ ತೆಗೆಯುವ ಕಾಯಿಲೆ. ಈ ವಿಷಯದಲ್ಲಿ ದುಡ್ಡಿನ ಮುಖ ನೋಡಬೇಡಿ, ಎಸೆಯಿರಿ.

ಒಟ್ಟು ಹೀಗಾಯಿತು: 27 ಡಬ್ಬಿ ನಾವು ತಿಂದೆವು, ಆರು ಅಕ್ಕಪಕ್ಕದವರಿಗೆ ಹೋಯಿತು, ನಾಲ್ಕು ಉಬ್ಬಿತು, ಹನ್ನೊಂದರ ದಿನಾಂಕ ಮುಗಿಯಿತು. ನೆರೆಯವರಿಗೆ ಕೊಟ್ಟದ್ದು ಸಂತೋಷವೇ, ಆದರೆ ಅದು ನಮ್ಮ ಅಡುಗೆ ಖರ್ಚಿನ ಉಳಿತಾಯವಾಗಲಾರದು. ₹8,064ನ್ನು 27ರಿಂದ ಭಾಗಿಸಿ. ಡಬ್ಬಿಗೆ ₹298.67. ಎಂಆರ್‌ಪಿ ₹280 ಇತ್ತು ಎನ್ನುವುದು ನೆನಪಿರಲಿ. ಬೇಕಾದಾಗ ಒಂದೊಂದೇ ಡಬ್ಬಿಯನ್ನು ಪೂರ್ತಿ ಬೆಲೆಗೆ ತಂದಿದ್ದರೂ 27ಕ್ಕೆ ₹7,560 ಆಗುತ್ತಿತ್ತು, ₹504 ಕೈಯಲ್ಲುಳಿಯುತ್ತಿತ್ತು. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಸಂಸ್ಕರಿಸಿದ ಮೀನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ₹280ರ ಡಬ್ಬಿಯಲ್ಲಿ ತೆರಿಗೆ ಬಿಟ್ಟರೆ ₹250. ಹೊಸ ದರದಲ್ಲಿ ಅದು ₹262.50. ಅಟ್ಟದ ಮೇಲೆ ದಾಸ್ತಾನು ಇಟ್ಟವರಿಗೆ ಇಂಥ ಇಳಿಕೆಯ ಲಾಭ ಸಿಗುವುದಿಲ್ಲ.

ಇಎಂಐ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ‘ನೋ ಕಾಸ್ಟ್’ ಅಂತೆ! ಪ್ರೊಸೆಸಿಂಗ್ ಫೀ ₹199, ಅದಕ್ಕೆ ಶೇ. 18 ಜಿಎಸ್‌ಟಿ, ಒಟ್ಟು ₹234.82. ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಕಳೆದಂತೆ ತೋರಿಸಿದರೂ ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಮ್ಮ ತಲೆಗೇ. ಫೀ ಒಂದನ್ನೇ ಸೇರಿಸಿದರೂ ತಿಂದ ಡಬ್ಬಿಗೆ ₹307 ದಾಟಿತು. 2013ರ ಸೆಪ್ಟೆಂಬರಿನಲ್ಲಿಯೇ ರಿಸರ್ವ್ ಬ್ಯಾಂಕ್ ಕ್ರೆಡಿಟ್ ಕಾರ್ಡಿನ ಶೂನ್ಯ ಬಡ್ಡಿ ಇಎಂಐ ಯೋಜನೆಗಳನ್ನು ಕಟುವಾಗಿ ಟೀಕಿಸಿ, ಬಡ್ಡಿಯನ್ನು ಪ್ರೊಸೆಸಿಂಗ್ ಫೀ ರೂಪದಲ್ಲಿ ಮರೆಮಾಚಿ ವಸೂಲಿ ಮಾಡಲಾಗುತ್ತಿದೆ ಎಂದು ಹೇಳಿತ್ತು. ಹೆಸರು ಬದಲಾಗಿ ಅದೇ ಸರಕು ಈಗ ದಿನಸಿ ಅಂಗಡಿಯ ಕೌಂಟರಿಗೂ ಬಂದಿದೆ. ಫ್ರಿಜ್ಜಿಗೆ ಕಂತು ಕಟ್ಟುವುದಕ್ಕೆ ಅರ್ಥವಿದೆ, ಹತ್ತು ವರ್ಷ ಬಾಳುತ್ತದೆ. ತಿಂದು ಮುಗಿಸುವ ಪದಾರ್ಥಕ್ಕೆ ಕಂತು ಎಂಥದು?

ಎಂಆರ್‌ಪಿ ಎಂಬ ಅಂಕಿಯನ್ನು ಪೂಜೆ ಮಾಡಬೇಕಾಗಿಯೂ ಇಲ್ಲ. ಅದು ಕಾಯಿದೆಯ ಪ್ರಕಾರ ಗರಿಷ್ಠ ಬೆಲೆ, ನ್ಯಾಯವಾದ ಬೆಲೆ ಎಂದು ಯಾರೂ ಹೇಳಿಲ್ಲ. ಅಮೆರಿಕದಲ್ಲಿ ದೊಡ್ಡ ಟ್ಯೂನಾ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಡಬ್ಬಿಯ ಬೆಲೆ ನಿಗದಿ ಮಾಡಿದ್ದು ಕೋರ್ಟಿಗೆ ಹೋಗಿ, 2019ರಲ್ಲಿ ಸ್ಟಾರ್‌ಕಿಸ್ಟ್‌ಗೆ 10 ಕೋಟಿ ಡಾಲರ್ ದಂಡ ಬಿತ್ತು. 2020ರಲ್ಲಿ ಬಂಬಲ್ ಬೀ ಕಂಪನಿಯ ಮಾಜಿ ಮುಖ್ಯಸ್ಥನಿಗೆ 40 ತಿಂಗಳ ಜೈಲಾಯಿತು. ಹಾಕಿದ ಬೆಲೆಯೇ ಹೆಚ್ಚಾಗಿದ್ದರೆ ಅದರಲ್ಲಿ ಶೇ. 40 ಕಳೆದರೂ ನಮಗೇನು ಗೊತ್ತಾಗುತ್ತದೆ? ಅದಕ್ಕೇ ರಿಯಾಯಿತಿಯ ಶೇಕಡಾ ನೋಡುವುದನ್ನು ಬಿಟ್ಟು, ಸೋಸಿದ ಮೇಲಿನ 100 ಗ್ರಾಂಗೆ ಎಷ್ಟು ಎಂದು ಕೇಳಬೇಕು.

ಮೌದಾದಲ್ಲಿ ಮೀನಿಗೇನೂ ಬರವಿಲ್ಲ. ಪಕ್ಕದ ಭಂಡಾರಾ ಕೆರೆಗಳ ಜಿಲ್ಲೆ ಎಂದೇ ಹೆಸರಾದದ್ದು. ಧೀವರ ಸಮುದಾಯದವರು ಆ ಕೆರೆಗಳಲ್ಲಿ ತಲೆತಲಾಂತರದಿಂದ ಮೀನು ಹಿಡಿಯುತ್ತ ಬಂದಿದ್ದಾರೆ. ರೋಹು, ಕಟ್ಲಾ ತಾಜಾ ಸಿಗುತ್ತದೆ. ಸಮುದ್ರದ ಮೀನಿನ ರುಚಿ ಅದಕ್ಕಿಲ್ಲ, ಒಪ್ಪುತ್ತೇನೆ. ಕುಂದಾಪುರದ ಮಸಾಲೆ ಮಾತ್ರ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ.

ಹಣ ಉಳಿಯುವುದು ದೊಡ್ಡ ಖರೀದಿಯ ಜಾಣತನಕ್ಕಿಂತ ಚಿಕ್ಕ ಚಿಕ್ಕ ಅಭ್ಯಾಸಗಳಿಂದ. ಮನೆಯಲ್ಲಿ ಏನಿದೆ ಎಂದು ಕಪಾಟಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ, ತೆಗೆದಾಗಲೆಲ್ಲ ಗೀಟು ಹಾಕಿ. ಮಕ್ಕಳ ಕೈಯಲ್ಲೇ ಹಾಕಿಸಿ, ಅವರಿಗೂ ಲೆಕ್ಕ ಬರಲಿ. ತಿಂಗಳಿಗೆ ಎಷ್ಟು ಗೀಟು ಬೀಳುತ್ತದೋ ಅದು ನಿಮ್ಮ ಮನೆಯ ನಿಜವಾದ ಬಳಕೆ. ಬೇಸಿಗೆ ಮುಂದಿದ್ದರೆ ದಾಸ್ತಾನು ಅರ್ಧಕ್ಕಿಳಿಸಿ. ಹಸಿದ ಹೊಟ್ಟೆಯಲ್ಲಿ ಸೂಪರ್ ಮಾರ್ಕೆಟ್ಟಿಗೆ ಹೋಗಬೇಡಿ. ಗರ್ಭಿಣಿಯರು, ಎಳೆಮಕ್ಕಳು ಇರುವ ಮನೆಯಲ್ಲಿ ಟ್ಯೂನಾದ ಪಾದರಸದ ವಿಷಯ ವೈದ್ಯರನ್ನು ಕೇಳಿಯೇ ಬಳಸಿ. ಅಗ್ಗಕ್ಕೆ ಸಿಕ್ಕಿತೆಂದು ತಟ್ಟೆಗೆ ಹೆಚ್ಚು ಬಡಿಸುವುದು ಸಲ್ಲ.

ನಮ್ಮ ಮನೆಯ ಚೀಟಿಯಲ್ಲಿ ಈಗ ತಿಂಗಳಿಗೆ ಎರಡು ಮೂರು ಗೀಟು ಬೀಳುತ್ತವೆ. ಅರ್ಧ ರಿಯಾಯಿತಿ ಕೊಟ್ಟರೂ ಆರು ಡಬ್ಬಿಗಿಂತ ಹೆಚ್ಚು ತರುವುದಿಲ್ಲ, ಅದನ್ನೂ ನಗದು ಕೊಟ್ಟೇ ತರುತ್ತೇವೆ. ನೀವೂ ಮುಂದಿನ ಕಾರ್ಟನ್ ಎತ್ತುವ ಮೊದಲು ಯೂಸ್ ಬೈ ದಿನಾಂಕ ನೋಡಿ, ಅಷ್ಟು ತಿಂಗಳಲ್ಲಿ ನಿಮ್ಮ ಮನೆಯವರು ನಿಜಕ್ಕೂ ಎಷ್ಟು ಡಬ್ಬಿ ತಿನ್ನುತ್ತಾರೆಂದು ಲೆಕ್ಕ ಹಾಕಿ, ಅಷ್ಟನ್ನು ಮಾತ್ರ ಬಿಲ್ಲಿಗೆ ಹಾಕಿಸಿ.