35 ಅಂಕಕ್ಕೆ ಏನು ಉತ್ತರ? ಡಾಕ್‌ಟೆಸ್ಟ್ ಬಳಸಿ ಮಾಡಿದ ಒಂದು ಪಾಠ

ಎರಡು ವರ್ಷದ ಹಿಂದಿನ ಮಾತು. ಅಭ್ಯಾಸ ಬೋಧನೆಗೆ ಹೋಗಿದ್ದ ನಮ್ಮ ಪ್ರಶಿಕ್ಷಣಾರ್ಥಿಗಳು ಕಿರು ಪರೀಕ್ಷೆಯ ಅಂಕಪಟ್ಟಿ ತಯಾರಿಸಲು ಒದ್ದಾಡುತ್ತಿದ್ದರು. ಪೈಥಾನ್‌ನಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಒಂದನ್ನು ನಾನೇ ಬರೆದುಕೊಟ್ಟೆ. 80 ಕೊಟ್ಟು ನೋಡಿದೆ, ಪಾಸ್ ಎಂದಿತು. 20 ಕೊಟ್ಟೆ, ಫೇಲ್ ಎಂದಿತು. ಸರಿಯಿದೆ ಎಂದುಕೊಂಡೆ. ಪಾಸಾಗಲು 100ಕ್ಕೆ 35 ಬೇಕಿತ್ತು. ನಾನು >= ಎಂದು ಬರೆಯಬೇಕಾದ ಕಡೆ ಬರಿದೆ > ಎಂದು ಬರೆದಿದ್ದೆ. ಗಣಿತದಲ್ಲಿ ಸರಿಯಾಗಿ 35 ತೆಗೆದಿದ್ದ ಹುಡುಗನೊಬ್ಬ ಫೇಲಾದವರ ಪಟ್ಟಿಗೆ ಸೇರಿದ. ಪಟ್ಟಿಯನ್ನು ತರಗತಿಯಲ್ಲಿ ಓದಿದ್ದೂ ಆಯಿತು. ಮಾರನೆಯ ದಿನ ಅವನು ಶಾಲೆಗೆ ಬರಲಿಲ್ಲ. ಉತ್ತರ ಪತ್ರಿಕೆ ತೆಗೆದು ನೋಡಿ ತಪ್ಪು ಹಿಡಿದವರು ತರಗತಿ ಶಿಕ್ಷಕಿ. ನಾಲ್ಕನೆಯ ದಿನ ಹುಡುಗ ಬಂದಾಗ ನಾನೂ ಹೋಗಿ ಅವನೆದುರಿಗೆ ತಪ್ಪು ಒಪ್ಪಿಕೊಂಡೆ. ಅವನು ತಲೆ ಎತ್ತಲಿಲ್ಲ.

ಮುಂದಿನ ಸಾಲಿನಲ್ಲಿ ಆ ತಪ್ಪನ್ನೇ ಪಾಠವಾಗಿಸಿದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ಬಂದ 22 ಪ್ರಶಿಕ್ಷಣಾರ್ಥಿಗಳು; 40 ನಿಮಿಷದ ಎರಡು ಅವಧಿ ಒಟ್ಟಿಗೆ; ಕೆಲಸ ಮಾಡುವ 11 ಕಂಪ್ಯೂಟರ್. ಇಂಟರ್ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಡಾಕ್‌ಟೆಸ್ಟ್ ಆರಿಸಿಕೊಳ್ಳಲು ಇದೂ ಒಂದು ಕಾರಣ. ಅದು ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ.

1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮ ಜಾವಾ ಭಾಷೆಗೆ ಜೆಯುನಿಟ್ ಬರೆದರು. ಅದರ ಮಾದರಿಯಲ್ಲಿ ಸ್ಟೀವ್ ಪರ್ಸೆಲ್ ಪೈಥಾನ್‌ಗೆ ಮಾಡಿದ್ದು ಯುನಿಟ್‌ಟೆಸ್ಟ್. ಟಿಮ್ ಪೀಟರ್ಸ್ ಬರೆದ ಡಾಕ್‌ಟೆಸ್ಟ್ ಇದಕ್ಕಿಂತ ಹಗುರ. 2001ರ ಪೈಥಾನ್ 2.1ರಲ್ಲಿ ಎರಡೂ ಸೇರಿದವು. ಯುನಿಟ್‌ಟೆಸ್ಟ್ ಬಳಸಲು ಕ್ಲಾಸ್ ಎಂದರೇನು ಎಂದು ಮೊದಲು ಹೇಳಬೇಕು. ಡಾಕ್‌ಟೆಸ್ಟ್‌ಗೆ ಅದು ಬೇಡ. ಫಂಕ್ಷನ್‌ನ ವಿವರಣೆಯಲ್ಲಿ ಪ್ರಶ್ನೆಯನ್ನೂ ಅದರ ಕೆಳಗಿನ ಸಾಲಿನಲ್ಲಿ ಉತ್ತರವನ್ನೂ ಬರೆದರೆ ಮುಗಿಯಿತು:

>>> ಫಲಿತಾಂಶ(34)
'ಫೇಲ್'
>>> ಫಲಿತಾಂಶ(35)
'ಪಾಸ್'

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಡೆಫ್, ಇಫ್, ರಿಟರ್ನ್‌ನಂಥ ಪದಗಳಷ್ಟೇ ಇಂಗ್ಲಿಷಿನಲ್ಲಿರುತ್ತವೆ. ಆದರೆ ಟೈಪಿಸುವುದು ಯೂನಿಕೋಡ್‌ನಲ್ಲೇ ಇರಬೇಕು. ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪಿಸಿದ ಇಬ್ಬರ ಹತ್ತು ನಿಮಿಷ ಅಲ್ಲೇ ಕಳೆಯಿತು. ಉತ್ತರವನ್ನು ಡಾಕ್‌ಟೆಸ್ಟ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. 'ಪಾಸ್' ಬರಬೇಕಾದ ಕಡೆ 'ಪಾಸು' ಎಂದು ಬರೆದರೂ ಅದು ಒಪ್ಪುವುದಿಲ್ಲ.

ಪಾಠ ಶುರುವಾದಾಗ ಕಂಪ್ಯೂಟರ್‌ಗಳನ್ನು ಹಾಕಿಸಲಿಲ್ಲ. ಹಾಳೆಯ ಮೇಲೆ ನಿಯಮ ಬರೆಯಿರಿ, ಪರೀಕ್ಷಿಸಲು ಮೂರು ಅಂಕ ಆರಿಸಿ, ಪ್ರತಿಯೊಂದರ ಮುಂದೆ ಉತ್ತರ ಬರೆಯಿರಿ ಎಂದೆ. ಬಹುಪಾಲು ಹಾಳೆಗಳಲ್ಲಿ 90, 50, 10 ಇದ್ದವು. ಸಿರಾ ಕಡೆಯ ಒಬ್ಬರು ಮಾತ್ರ 34, 35, 36 ಎಂದು ಬರೆದಿದ್ದರು. ಯಾಕೆ ಎಂದು ಕೇಳಿದೆ. "ಜಗಳ ಬರೋದು ಬದುವಿನ ಹತ್ರ ತಾನೇ ಸಾರ್? ಹೊಲದ ಮಧ್ಯ ಯಾರು ಕಿತ್ತಾಡ್ತಾರೆ?" ಪಾಠ ಯೋಜನೆಯಲ್ಲಿ ನಾನು ಅರ್ಧ ಪುಟ ಬರೆದುಕೊಂಡಿದ್ದ ವಿವರಣೆಯನ್ನು ಆಮೇಲೆ ಹೇಳಲೇ ಇಲ್ಲ.

ನಂತರ ನನ್ನ ಹಳೆಯ ತಪ್ಪು ಪ್ರೋಗ್ರಾಂ ಅನ್ನೇ ಎಲ್ಲರಿಗೂ ಕೊಟ್ಟೆ. ಅದು ತಪ್ಪಿರುವುದು ಎಂದು ಹೇಳಲಿಲ್ಲ. ತಮ್ಮ ತಮ್ಮ ಮೂರು ಅಂಕ ಸೇರಿಸಿ ಓಡಿಸಿದರು. ತೆರೆಯ ಮೇಲೆ ಏನೂ ಬರಲಿಲ್ಲ. "ಕೆಟ್ಟೋಯ್ತಾ ಸಾರ್?" ಎಂದರು. ಎಲ್ಲ ಉತ್ತರ ಹೊಂದಿದರೆ ಡಾಕ್‌ಟೆಸ್ಟ್ ಮೌನವಾಗಿರುತ್ತದೆ. ಈ ಮೌನ ಹೊಸಬರನ್ನು ಗಾಬರಿಪಡಿಸುತ್ತದೆ, ಆದ್ದರಿಂದ ಓಡಿಸುವ ಸಾಲಿನ ಕೊನೆಗೆ ಒಂದು ಅಡ್ಡಗೆರೆ ಮತ್ತು ವಿ ಅಕ್ಷರ ಸೇರಿಸಿ ಪೂರ್ತಿ ವರದಿ ತೋರಿಸುವುದು ಒಳ್ಳೆಯದು. ಅಷ್ಟರಲ್ಲಿ 34, 35, 36 ಬರೆದವರ ತೆರೆ ತುಂಬಿತ್ತು: ನಿರೀಕ್ಷಿಸಿದ್ದು 'ಪಾಸ್', ಬಂದದ್ದು 'ಫೇಲ್'. ಉಳಿದವರೆಲ್ಲ ಎದ್ದು ಅಲ್ಲಿಗೆ ಹೋದರು. ಒಂದೇ ಪ್ರೋಗ್ರಾಂ, 21 ಜನರ ಹತ್ತಿರ ಸರಿ, ಒಬ್ಬರ ಹತ್ತಿರ ತಪ್ಪು. ಆಗ ಆ ಹುಡುಗನ ವಿಷಯ ಹೇಳಿದೆ.

ನಾನು ಊಹಿಸದ ಇನ್ನೊಂದು ಸಂಗತಿ ಎರಡನೆಯ ಅವಧಿಯಲ್ಲಿ ನಡೆಯಿತು. 35 ಸೇರಿಸಿ ಎಂದಾಗ ಒಬ್ಬರು ತಪ್ಪು ಪ್ರೋಗ್ರಾಂ ಅನ್ನು ಮೊದಲು ಓಡಿಸಿ, ಅದು ಕೊಟ್ಟ 'ಫೇಲ್' ಅನ್ನೇ ನಕಲು ಮಾಡಿ ಉತ್ತರದ ಜಾಗಕ್ಕೆ ಅಂಟಿಸಿದ್ದರು. ಪರೀಕ್ಷೆ ಮೌನವಾಗಿ ಮುಗಿಯಿತು. "ಬಂತಲ್ಲ ಸಾರ್" ಎಂದರು. ವಿದ್ಯಾರ್ಥಿಯ ಉತ್ತರ ಪತ್ರಿಕೆ ನೋಡಿಕೊಂಡು ಕೀ ಉತ್ತರ ತಯಾರಿಸಿದರೆ ಎಲ್ಲರಿಗೂ ನೂರಕ್ಕೆ ನೂರು. ಅವರನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಪೈಥಾನ್ ಪುಸ್ತಕಗಳ ಉದಾಹರಣೆಗಳೂ ಹೀಗೆ ತೆರೆಯಿಂದ ಎತ್ತಿಟ್ಟಂತೆಯೇ ಕಾಣುತ್ತವೆ, ಡಾಕ್‌ಟೆಸ್ಟ್‌ನ ರೂಪವೇ ಆ ಆಸೆ ಹುಟ್ಟಿಸುತ್ತದೆ. ಉತ್ತರ ನಿಯಮದಿಂದ ಬರಬೇಕು, ಪ್ರೋಗ್ರಾಂನಿಂದ ಅಲ್ಲ. ಈಗ ನಾನು ಉತ್ತರಗಳನ್ನು ಹಾಳೆಯಲ್ಲಿ ಬರೆಸಿ, ಸಹಿ ಹಾಕಿಸಿ, ಆಮೇಲಷ್ಟೇ ಕಂಪ್ಯೂಟರ್ ಮುಟ್ಟಲು ಬಿಡುತ್ತೇನೆ. ಸಹಿ ಸ್ವಲ್ಪ ಅತಿಯಾಯಿತು ಎಂದು ಸಹೋದ್ಯೋಗಿಗಳು ನಗುತ್ತಾರೆ. ಇರಲಿ.

ಪಾವಗಡದ ಒಬ್ಬರು ಕೇಳಿದರು: "ಗೈರುಹಾಜರಾದವರಿಗೆ?" ಹಾಜರಿ ಪುಸ್ತಕದಲ್ಲಿ ಬರೆಯುವಂತೆ 'ಗೈ' ಎಂದು ಕೊಟ್ಟು ನೋಡಿದೆವು. ಪದವನ್ನು ಸಂಖ್ಯೆಯೊಂದಿಗೆ ಹೋಲಿಸಲಾಗದು ಎಂದು ಪೈಥಾನ್ ದೋಷ ತೋರಿಸಿ ನಿಂತಿತು. ಪ್ರೋಗ್ರಾಂ ತಿದ್ದುವ ಮೊದಲು ನಾವೇ ತೀರ್ಮಾನಿಸಬೇಕಾಯಿತು: ಗೈರು ಎಂದರೆ ಫೇಲೇ, ಬೇರೆಯೇ? ಕಾಲು ಗಂಟೆ ಚರ್ಚೆಯಾಯಿತು. ಬೇರೆ ಎಂದು ಒಪ್ಪಿ ಒಂದು ಸಾಲು ಸೇರಿಸಿದೆವು.

ಈ ಪಾಠವನ್ನು ಒಬ್ಬ ಪ್ರಶಿಕ್ಷಣಾರ್ಥಿ ಕೊರಟಗೆರೆ ತಾಲ್ಲೂಕಿನ ಶಾಲೆಯೊಂದರಲ್ಲಿ ಒಂದೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕಿಸಿದೆ. ಮಕ್ಕಳು ಹೇಳಿದ ಅಂಕಗಳನ್ನು ಅವರು ಟೈಪಿಸುತ್ತ ಹೋದರು. ಹುಡುಗಿಯೊಬ್ಬಳು ಎದ್ದು, "ಮಿಸ್, ಮೂವತ್ತನಾಲ್ಕೂವರೆ ಬಂದ್ರೆ?" ಎಂದಳು. ಅರ್ಧ ಅಂಕವನ್ನು ಮೇಲಕ್ಕೆ ಏರಿಸುತ್ತಾರೋ ಇಲ್ಲವೋ ಪ್ರಶಿಕ್ಷಣಾರ್ಥಿಗೆ ತಿಳಿಯದು. ತಿಳಿದಂತೆ ನಟಿಸಲಿಲ್ಲ ಎಂಬುದಕ್ಕೆ ನಾನು ಅವಲೋಕನ ಪತ್ರದಲ್ಲಿ ಪೂರ್ಣ ಅಂಕ ಕೊಟ್ಟೆ. ಪ್ರಶ್ನೆಯ ಸಾಲು ಬರೆದು, ಉತ್ತರದ ಜಾಗ ಖಾಲಿ ಬಿಟ್ಟು ಓಡಿಸಿದರು. ಏನೂ ಬರಬಾರದಿತ್ತು, 'ಫೇಲ್' ಬಂದಿದೆ ಎಂದು ಡಾಕ್‌ಟೆಸ್ಟ್ ದೂರಿತು. "ನೋಡು, ಇದನ್ನ ತೀರ್ಮಾನ ಮಾಡದೆ ಮುಂದೆ ಹೋಗೋಕಾಗಲ್ಲ. ಹೆಡ್‌ಮಾಸ್ಟರನ್ನ ಕೇಳ್ಕೊಂಡು ಬಾ" ಎಂದರು. ಹುಡುಗಿ ಓಡಿದಳು.