ಸೂಜಿ ಚುಚ್ಚಿಸಿಕೋ, ಪಂಪ್ ಬಿಡಬೇಡ

ಪುಟ್ಟೀ, ಸಂಪಿಗೆ ರಸ್ತೆ ಹತ್ತಿರ ಯಾರೋ ಅಕ್ಯುಪಂಕ್ಚರ್ ಮಾಡ್ತಾರಂತೆ, ಉಬ್ಬಸಕ್ಕೆ ಹೋಗಲಾ ದೊಡ್ಡಮ್ಮ ಅಂತ ಕೇಳಿದೆಯಲ್ಲ. ಹೋಗು. ಆದರೆ ಪರ್ಸಿನಲ್ಲಿ ನಿನ್ನ ಇನ್‌ಹೇಲರ್ ಪಂಪ್ ಇಟ್ಟುಕೊಂಡೇ ಹೋಗು.

ಈ ಕಾಯಿಲೆ ನಿನಗೊಬ್ಬಳಿಗೇ ಬಂದದ್ದಲ್ಲ. ಡಾ. ಎಚ್. ಪರಮೇಶ್ ಬೆಂಗಳೂರಿನ ಮಕ್ಕಳನ್ನು ವರ್ಷಗಟ್ಟಲೆ ನೋಡಿ, 1979ರಲ್ಲಿ ಶೇ. 9ರಷ್ಟಿದ್ದ ಆಸ್ತಮಾ 1999ರ ಹೊತ್ತಿಗೆ ಶೇ. 29.5 ಮುಟ್ಟಿತು ಎಂದು ಬರೆದರು. ಮಲ್ಲೇಶ್ವರದ ಮರದ ನೆರಳಲ್ಲಿ ಬೆಳೆದರೂ ಹೊಗೆ, ಧೂಳು, ಪರಾಗ ನಮ್ಮನ್ನು ಬಿಟ್ಟಿಲ್ಲ.

ಉಬ್ಬಸದಲ್ಲಿ ಉಸಿರುನಾಳದ ಒಳಗೋಡೆ ಊದಿಕೊಂಡಿರುತ್ತದೆ. ಡಾಕ್ಟರು ದಿನಾ ಎಳೆದುಕೋ ಅಂತ ಕೊಟ್ಟಿರುವ ಸ್ಟೀರಾಯ್ಡ್ ಪಂಪ್ ಇಳಿಸುವುದು ಆ ಊತವನ್ನೇ. ಸೂಜಿ ಅದನ್ನು ಇಳಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2004ರ ವಿಮರ್ಶೆ 12 ಅಧ್ಯಯನಗಳ 350 ಜನರ ಫಲಿತಾಂಶ ಒಟ್ಟುಗೂಡಿಸಿ ನೋಡಿತು. ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದಿತು. ಹಾಗಂತ ಸೂಜಿಯಿಂದ ಏನೂ ಸಿಗುವುದಿಲ್ಲ ಅನ್ನಲಾರೆ. ಸೂಜಿ ಚುಚ್ಚುವ ಬಿಂದುಗಳಲ್ಲೊಂದನ್ನು, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ, ಹೆಬ್ಬೆರಳಿಂದ ಮೆಲ್ಲಗೆ ಒತ್ತಿಕೊಂಡು ಕೂತರೂ ಗಾಬರಿ ತಗ್ಗಬಹುದು, ಬಿಗಿದ ಭುಜ ಸಡಿಲಾಗಬಹುದು. ಗಾಬರಿಯಲ್ಲಿ ಉಸಿರು ಇನ್ನಷ್ಟು ಕಟ್ಟುವುದು ನಿನಗೇ ಗೊತ್ತು. ಅಷ್ಟು ಸಿಕ್ಕರೂ ಲಾಭವೇ.

ಔಷಧದ ಜೊತೆ ಬೇರೆ ಉಪಾಯ ಸೇರಿಸಿದರೆ ಏನಾಗುತ್ತದೆ ಅಂತ ನೋಡಿದ ಕೆಲಸ ಒಂದು ನಮ್ಮೂರಲ್ಲೇ ನಡೆದಿದೆ, ನನಗೆ ಅದರ ಬಗ್ಗೆ ಹೆಮ್ಮೆ. ಡಾ. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ 53 ಜನ ಉಬ್ಬಸದವರಿಗೆ ಎರಡು ವಾರ ಯೋಗ ಕಲಿಸಿ, ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಿ ಅಂದರು. ಔಷಧ ಮಾತ್ರ ತೆಗೆದುಕೊಂಡ ಇನ್ನು 53 ಜನರ ಜೊತೆ ಹೋಲಿಸಿದರು. ಯೋಗ ಮಾಡಿದವರಿಗೆ ದಮ್ಮು ಬರುವುದು ತಗ್ಗಿತು, ಔಷಧದ ಅಗತ್ಯವೂ ಇಳಿಯಿತು. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಅದನ್ನು ಪ್ರಕಟಿಸಿತು. ಉಸಿರು ಸುಧಾರಿಸಿದ ಮೇಲೆ ಔಷಧ ಇಳಿಯಬೇಕು ಪುಟ್ಟೀ, ಅದಕ್ಕೆ ಮುಂಚೆ ಅಲ್ಲ. ಇಳಿಸುವುದೂ ಡಾಕ್ಟರ ಕೈಲೇ.

ಸೂಜಿಯವರ ಹತ್ತಿರ ಹೋದಾಗ ಹೊಸ ಪೊಟ್ಟಣ ನಿನ್ನೆದುರೇ ಒಡೆಯಲಿ. ಎದೆ, ಬೆನ್ನಿಗೆ ಚುಚ್ಚುವವರು ಸರಿಯಾಗಿ ಕಲಿತವರೇ ಆಗಿರಬೇಕು; ಸೂಜಿ ಆಳಕ್ಕೆ ಇಳಿದು ಶ್ವಾಸಕೋಶಕ್ಕೆ ತೂತು ಬಿದ್ದದ್ದುಂಟು. ‘ಪಂಪ್ ನಿಲ್ಲಿಸಿದರೇ ನಮ್ಮ ಚಿಕಿತ್ಸೆ ಹತ್ತುವುದು’ ಅಂದರೆ ಚಪ್ಪಲಿ ಹಾಕಿಕೊಂಡು ಎದ್ದು ಬಂದುಬಿಡು.

ಪಂಪನ್ನೂ ಸರಿಯಾಗಿ ತೆಗೆದುಕೋ. ಚೆನ್ನಾಗಿ ಅಲುಗಿಸು, ಉಸಿರು ಪೂರ್ತಿ ಬಿಡು, ಒತ್ತುತ್ತಾ ನಿಧಾನವಾಗಿ ಎಳೆದುಕೋ, ಹತ್ತು ಎಣಿಸುವವರೆಗೆ ಹಿಡಿ. ಸ್ಟೀರಾಯ್ಡ್ ಆದರೆ ಆಮೇಲೆ ಬಾಯಿ ಮುಕ್ಕಳಿಸು.

ಒಂದು ವಾಕ್ಯ ಮುಗಿಸುವಷ್ಟರಲ್ಲಿ ದಮ್ಮು ಕಟ್ಟಿದರೆ, ದಮ್ಮು ಬಂದಾಗ ಬಳಸುವ ಪಂಪ್ ಎಳೆದರೂ ಹಿಡಿತಕ್ಕೆ ಬರದಿದ್ದರೆ, ತುಟಿ ನೀಲಿಗಟ್ಟಿದರೆ ಆ ಬಿಂದು ಈ ಬಿಂದು ಒತ್ತುತ್ತಾ ಕೂರಬೇಡ. 108ಕ್ಕೆ ಫೋನ್ ಮಾಡು, ಇಲ್ಲಾ ಆಟೋ ಹಿಡಿದು ಕೆ.ಸಿ. ಜನರಲ್ ಆಸ್ಪತ್ರೆಗೆ ಹೋಗು. ಆಫೀಸಿನಲ್ಲಿ ಪಕ್ಕ ಕೂರುವವಳಿಗೂ ನಿನ್ನ ಪಂಪ್ ಬ್ಯಾಗಿನ ಯಾವ ಜಿಪ್ಪಿನಲ್ಲಿದೆ ಅಂತ ಹೇಳಿಡು.